ತಳದ ಚೀಟಿ ಓದಿ ಪೆಟ್ಟಿಗೆ ಕಟ್ಟಿದ್ದು

ಹೊಸ ದೇಶದ ಮೊದಲ ಬೆಳಿಗ್ಗೆ ವಿದ್ಯುತ್ ಕೆಟಲಿನಲ್ಲಿ ನೀರಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಕುದಿಯುವ ಸುಳಿವೇ ಇಲ್ಲ. ಬಟ್ಟೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ಜೋಡಿಸಿ ಬಂದೆ. ಆಗಷ್ಟೇ ತಳದಿಂದ ಗುಳ್ಳೆಗಳು ಏಳತೊಡಗಿದ್ದವು. ಹಿಂದಿನ ಮನೆಯಲ್ಲಿ ಆರೇಳು ನಿಮಿಷಕ್ಕೆ ಕುದಿಸುತ್ತಿದ್ದ ಕೆಟಲ್ ಇಲ್ಲಿ ಇಪ್ಪತ್ತು ನಿಮಿಷ ದಾಟಿಸಿತು. ಕೆಟ್ಟುಹೋಗಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ, ಅರೆಹೊಟ್ಟೆಯಲ್ಲಿ ದುಡಿಯುತ್ತಿತ್ತು.

ನಾನು ಹೊರಟದ್ದು 230 ವೋಲ್ಟ್, 50 ಹರ್ಟ್ಜ್ (ಅಂದರೆ ಸೆಕೆಂಡಿಗೆ 50 ಕಂಪನ) ವಿದ್ಯುತ್ತಿನ ದೇಶದಿಂದ. ಸೇರಿದ್ದು 120 ವೋಲ್ಟ್, 60 ಹರ್ಟ್ಜ್ ದೇಶವನ್ನು. ಕೆಲವು ವರ್ಷಗಳ ನಂತರ ಅಲ್ಲಿಂದ ಇನ್ನೊಂದು 230 ವೋಲ್ಟ್ ದೇಶಕ್ಕೆ ಬಂದೆ. ಊರುಗಳ ಹೆಸರಿಗಿಂತ ಈ ಸಂಖ್ಯೆಗಳೇ ಇಲ್ಲಿ ಮುಖ್ಯ. ಮೊದಲ ಸಲ ಹೊರಡುವಾಗ ನನ್ನ ಚಿಂತೆಯೆಲ್ಲ ಪ್ಲಗ್ಗಿನ ಕಡ್ಡಿಗಳ ಆಕಾರದ ಬಗ್ಗೆ ಇತ್ತು. ಎಂಟು ಅಡಾಪ್ಟರ್ ಕೊಂಡು, ಎಲ್ಲ ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಯಾಗಿದ್ದೆ. ಅಡಾಪ್ಟರ್ ಬದಲಿಸುವುದು ಆಕಾರವನ್ನು ಮಾತ್ರ. ಗೋಡೆಯಿಂದ ಬರುವ ವಿದ್ಯುತ್ತು ಹೇಗಿದೆಯೋ ಹಾಗೆಯೇ ಒಳಗೆ ಹೋಗುತ್ತದೆ.

ಕೆಟಲಿನ ಲೆಕ್ಕ ಸರಳ. ಕಾಯಿಸುವ ಸುರುಳಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 120 ಎಂಬುದು 230ರ ಅರ್ಧಕ್ಕಿಂತ ತುಸು ಹೆಚ್ಚು, ಅದರ ವರ್ಗ 230ರ ವರ್ಗದ ಕಾಲು ಭಾಗಕ್ಕಿಂತ ತುಸು ಹೆಚ್ಚು. 1500 ವ್ಯಾಟ್‌ನ ಕೆಟಲ್ ಸುಮಾರು 400 ವ್ಯಾಟ್‌ಗೆ ಇಳಿದಿತ್ತು. ಇದೇ ಲೆಕ್ಕ ತಿರುಗಿ ಹೊಡೆದರೆ ಅಪಾಯ: 120 ವೋಲ್ಟ್‌ಗೆಂದು ಮಾಡಿದ ಹೀಟರನ್ನು 230ಕ್ಕೆ ಸಿಕ್ಕಿಸಿದರೆ ಅದು ಮೂರೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಎಳೆದು ಸುಟ್ಟುಹೋಗುತ್ತದೆ.

ಹಾಗಾದರೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಇಡಬಹುದಲ್ಲ ಎಂದು ನಾನೂ ಯೋಚಿಸಿದೆ. ಅಂಗಡಿಯಲ್ಲಿ ಆ ಕೆಟಲಿಗೆ ಸಾಕಾಗುವ ಟ್ರಾನ್ಸ್‌ಫಾರ್ಮರ್ ನೋಡಿದೆ. ಎರಡೂ ಕೈಯಲ್ಲಿ ಎತ್ತಬೇಕಾದ ಕಬ್ಬಿಣದ ಗಟ್ಟಿ, ಬೆಲೆ ಕೆಟಲಿನ ಹಲವು ಪಟ್ಟು. ಮೇಲಾಗಿ ಆ ಮನೆಯ ಸಾಮಾನ್ಯ ಸಾಕೆಟ್ 15 ಆಂಪಿಯರ್‌ನದು, ಅಂದರೆ ಹೆಚ್ಚೆಂದರೆ 1800 ವ್ಯಾಟ್; ಕೆಟಲ್ ಒಂದೇ ಅದರ ಬಹುಪಾಲನ್ನು ನುಂಗಿಬಿಡುತ್ತಿತ್ತು. ಕೆಟಲನ್ನು ಹೂವಿಗೆ ನೀರು ಹಾಕಲು ಇಟ್ಟುಕೊಂಡು ಅಲ್ಲಿಯದೇ ಒಂದನ್ನು ಕೊಂಡೆ. ಇಸ್ತ್ರಿ ಪೆಟ್ಟಿಗೆಯ ಗತಿಯೂ ಅದೇ ಆಯಿತು, ಆದರೆ ಅದು ಹೂವಿಗೂ ಉಪಯೋಗಕ್ಕೆ ಬರಲಿಲ್ಲ. ಕಾಯುವ ವಸ್ತು ಯಾವುದನ್ನೂ ವೋಲ್ಟೇಜ್ ಬದಲಾಗುವ ಕಡೆಗೆ ಒಯ್ಯಬಾರದು ಎಂಬುದರಲ್ಲಿ ನನಗೆ ಈಗ ಯಾವ ಅನುಮಾನವೂ ಇಲ್ಲ.

ಲ್ಯಾಪ್‌ಟಾಪ್, ಮೊಬೈಲ್, ಕ್ಯಾಮೆರಾ ಚಾರ್ಜರುಗಳ ತಳದಲ್ಲಿ ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್ ಎಂದು ಅಚ್ಚಾಗಿರುತ್ತದೆ. ಹಾಗೆ ಬರೆದದ್ದು ಎಲ್ಲಿಗಾದರೂ ಬರುತ್ತದೆ. ಇವುಗಳಿಗೆ ಅಡಾಪ್ಟರ್ ಕೂಡ ಬೇಕೆಂದಿಲ್ಲ: ಲ್ಯಾಪ್‌ಟಾಪ್ ಚಾರ್ಜರಿನ ಗೋಡೆಯ ಕಡೆಯ ತಂತಿ ಬಹಳಷ್ಟು ಸಲ ಕಳಚಿ ಬರುತ್ತದೆ, ಅದೊಂದನ್ನೇ ಹೊಸ ಊರಿನಲ್ಲಿ ಕೊಂಡರಾಯಿತು. ಅಡಾಪ್ಟರಿನ ಗೋಪುರ ಸಾಕೆಟ್ಟಿನಿಂದ ಜೋತುಬಿದ್ದು ಕಿಡಿ ಹಾರುವುದಕ್ಕಿಂತ ಇದು ಎಷ್ಟೋ ಮೇಲು. ನಾನು ಕೊಂಡ ಎಂಟರಲ್ಲಿ ಐದಕ್ಕೆ ಅರ್ಥಿಂಗ್ ಕಡ್ಡಿಗೆ ಸಂಪರ್ಕವೇ ಇರಲಿಲ್ಲ ಎಂಬುದು ಬಹಳ ತಡವಾಗಿ ಗೊತ್ತಾಯಿತು. ಲೋಹದ ಮೈಯುಳ್ಳ ಉಪಕರಣವನ್ನು ಅಂಥದ್ದಕ್ಕೆ ಸಿಕ್ಕಿಸಿದರೆ, ಒಳಗೆ ತಂತಿ ಸಡಿಲವಾದ ದಿನ ಮುಟ್ಟಿದವರಿಗೆ ಆಘಾತ ಕಾದಿರುತ್ತದೆ. ಪವರ್ ಬ್ಯಾಂಕ್ ಒಯ್ಯುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಅದಕ್ಕೆ ಅವಕಾಶವಿಲ್ಲ.

ನಾನು ಹೆಚ್ಚು ಕಲಿತದ್ದು ಮೋಟಾರ್ ಇರುವ ಎರಡು ವಸ್ತುಗಳಿಂದ. ನನ್ನ ಹೊಲಿಗೆ ಯಂತ್ರವನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ಅದರ ಮೋಟಾರಿನಲ್ಲಿ ಕಾರ್ಬನ್ ಬ್ರಷ್‌ಗಳಿವೆ. ಮಿಕ್ಸರ್, ಡ್ರಿಲ್, ವ್ಯಾಕ್ಯೂಮ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಇರುವ ಜಾತಿ. ಈ ಜಾತಿ ಹರ್ಟ್ಜ್ ಎಷ್ಟೆಂದು ಕೇಳುವುದಿಲ್ಲ, ವೋಲ್ಟೇಜ್ ಸರಿಯಿದ್ದರೆ ಸಾಕು. ಯಂತ್ರ ಎಳೆಯುವುದು ದೀಪವೂ ಸೇರಿ ನೂರು ವ್ಯಾಟ್‌ನ ಆಸುಪಾಸು. ಮೋಟಾರ್ ಹೊರಡುವಾಗ ಹೆಚ್ಚು ಎಳೆಯುತ್ತದೆಂದು 300 ವ್ಯಾಟ್‌ನ, ಏರಿಸಲೂ ಇಳಿಸಲೂ ಬರುವ ಟ್ರಾನ್ಸ್‌ಫಾರ್ಮರ್ ತಂದೆ. ಇಟ್ಟಿಗೆಯಷ್ಟು ದೊಡ್ಡದು. ಹೊಲಿಯದಿದ್ದಾಗಲೂ ಗುಂಯ್ ಎನ್ನುತ್ತಾ ಬೆಚ್ಚಗಾಗುತ್ತಿತ್ತು, ಹಾಗಾಗಿ ಕೆಲಸ ಮುಗಿದೊಡನೆ ಗೋಡೆಯಿಂದ ಕಿತ್ತಿಡುವುದು ರೂಢಿಯಾಯಿತು. ಅಲ್ಲಿದ್ದಷ್ಟು ವರ್ಷವೂ ಯಂತ್ರ ಒಂದು ಹೊಲಿಗೆ ತಪ್ಪಿಸಲಿಲ್ಲ.

ಅದೇ ಧೈರ್ಯದಲ್ಲಿ ಹಳೆಯ ರೆಕಾರ್ಡ್ ಪ್ಲೇಯರನ್ನೂ ಅದೇ ಟ್ರಾನ್ಸ್‌ಫಾರ್ಮರಿಗೆ ಸಿಕ್ಕಿಸಿದೆ. ಗಾಯಕಿಯ ಶ್ರುತಿ ಸುಮಾರು ಮೂರು ಸ್ವರಸ್ಥಾನ ಮೇಲೇರಿತ್ತು. ಬಸ್ಸು ತಪ್ಪಿಹೋಗುವ ಅವಸರದಲ್ಲಿ ಹಾಡಿದಂತಿತ್ತು. ಅದರ ಮೋಟಾರ್ ವಿದ್ಯುತ್ತಿನ ಕಂಪನಕ್ಕೆ ಹೆಜ್ಜೆ ಹಾಕಿ ತಿರುಗುವಂಥದು. 50 ಇದ್ದದ್ದು 60 ಆದಾಗ ನಿಮಿಷಕ್ಕೆ 33⅓ ಸುತ್ತುವ ತಟ್ಟೆ 40 ಸುತ್ತಿತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಏರಿಸಬಲ್ಲದು, ಇಳಿಸಬಲ್ಲದು, ಹರ್ಟ್ಜನ್ನು ಮುಟ್ಟಲಾರದು. ಗೋಡೆಯ ವಿದ್ಯುತ್ತಿನಿಂದಲೇ ಸಮಯ ಎಣಿಸುವ ಗಡಿಯಾರವಾಗಿದ್ದರೆ ಗಂಟೆಗೆ ಹನ್ನೆರಡು ನಿಮಿಷ ಮುಂದೆ ಓಡುತ್ತಿತ್ತು. ಜಪಾನಿನವರಿಗೆ ಈ ಪಾಡು ದೇಶದೊಳಗೇ ಇದೆ: ಎಲ್ಲೆಡೆ 100 ವೋಲ್ಟ್, ಆದರೆ ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಊರು ಜರ್ಮನಿಯಿಂದ, ಇನ್ನೊಂದು ಅಮೆರಿಕದಿಂದ ಜನರೇಟರ್ ತರಿಸಿದ ಫಲ ಅದು. ನನ್ನ ಪ್ಲೇಯರಿನ ಅದೃಷ್ಟಕ್ಕೆ, ಬೆಲ್ಟನ್ನು ತಿರುಗಿಸುವ ಪುಟ್ಟ ರಾಟೆ 60 ಹರ್ಟ್ಜ್‌ಗೆಂದು ಬೇರೆಯೇ ಸಿಗುತ್ತಿತ್ತು. ತುಸು ಸಣ್ಣದು. ಹಾಕಿದ ಮೇಲೆ ಗಾಯಕಿ ತನ್ನ ಶ್ರುತಿಗೆ ಮರಳಿದಳು.

ಫ್ರಿಜ್, ವಾಷಿಂಗ್ ಮಷೀನ್‌ಗಳನ್ನು ನಾನು ಒಯ್ಯಲೇ ಇಲ್ಲ, ಅದಕ್ಕಾಗಿ ಒಂದು ದಿನವೂ ಪೇಚಾಡಿಲ್ಲ. ವೋಲ್ಟೇಜ್ ಬದಲಾಗದ ದೇಶಕ್ಕೆ ಹೋದ ಸ್ನೇಹಿತರೊಬ್ಬರು ಮುಂಬಾಗಿಲಿನ ವಾಷಿಂಗ್ ಮಷೀನ್ ಸಾಗಿಸಿದರು. ಡ್ರಮ್ಮನ್ನು ಅಲುಗಾಡದಂತೆ ಹಿಡಿದಿಡುವ ಬೋಲ್ಟ್‌ಗಳನ್ನು, ಕೊಂಡ ದಿನ ಬಿಚ್ಚಿದ ಮೇಲೆ, ಎಲ್ಲಿಟ್ಟರೋ ನೆನಪಿರಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಓಲಾಡಿದ ಡ್ರಮ್ ತಲುಪುವ ಹೊತ್ತಿಗೆ ತನ್ನ ಸ್ಪ್ರಿಂಗುಗಳಿಂದ ಕಳಚಿಕೊಂಡಿತ್ತು. ಟಿವಿ ಒಯ್ಯುವವರಿಗೆ ಒಂದು ಮಾತು: ಆಂಟೆನಾದ ಪ್ರಸಾರ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ, ಎಚ್‌ಡಿಎಂಐ ತಂತಿಯಲ್ಲಿ ಬರುವ ಚಿತ್ರಕ್ಕೆ ಆ ತಂಟೆಯಿಲ್ಲ. ತಂತಿರಹಿತ ಮನೆ ದೂರವಾಣಿ ಬೇಡವೇ ಬೇಡ; ಅದು ಬಳಸುವ ತರಂಗಾಂತರ ಹೊಸ ದೇಶದಲ್ಲಿ ಇನ್ನಾರಿಗೋ ಮೀಸಲಾಗಿರಬಹುದು. ಏನೇ ಒಯ್ದರೂ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶದಲ್ಲೇ ಉಳಿಯುತ್ತದೆ.

ಎರಡನೆಯ ವಲಸೆಯ ಹೊತ್ತಿಗೆ ನಾನು ಪಂಡಿತನಾಗಿಬಿಟ್ಟಿದ್ದೆ. ಪ್ರತಿ ಉಪಕರಣದ ತಳದ ಚೀಟಿಯ ಫೋಟೊ ತೆಗೆದು, ಕಾಯುವುದನ್ನೆಲ್ಲ ಹಂಚಿ, ಉಳಿದದ್ದನ್ನು ಪೆಟ್ಟಿಗೆಗೆ ಹಾಕಿದೆ. 230 ವೋಲ್ಟ್ ಮನೆಯ ಮೊದಲ ಸಂಜೆ, 120ರ ದೇಶದಲ್ಲಿ ಕೊಂಡಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರ್ ಸಿಕ್ಕಿಸಿದೆ. ಎಲ್ಲವೂ 100–240ರವು. ಗೋಡೆಯ ಸ್ವಿಚ್ ಒತ್ತಿದೊಡನೆ ಪಟಾಕಿಯಂತೆ ಸಿಡಿದು ಇಡೀ ಮನೆ ಕತ್ತಲಾಯಿತು. ಬೋರ್ಡಿನೊಳಗೆ ಸರ್ಜ್ ರಕ್ಷಣೆಯ ಬಿಲ್ಲೆಗಳಿದ್ದವು. ವೋಲ್ಟೇಜ್ ಮಿತಿ ಮೀರಿದಾಗ ಆ ಹೆಚ್ಚುವರಿಯನ್ನು ತಾವು ನುಂಗಿ ಉಳಿದವನ್ನು ಕಾಯುವುದು ಅವುಗಳ ಕೆಲಸ. 120ಕ್ಕೆಂದು ಹೊಂದಿಸಿದ ಬಿಲ್ಲೆಗಳಿಗೆ ಆ ಮನೆಯ ದಿನನಿತ್ಯದ ವಿದ್ಯುತ್ತೇ ಮಿತಿ ಮೀರಿದ್ದಾಗಿತ್ತು. ಚಾರ್ಜರುಗಳಿಗೆ ಏನೂ ಆಗಲಿಲ್ಲ. ನಾನು ಫೋಟೊ ತೆಗೆಯದೆ ಬಿಟ್ಟಿದ್ದ ಒಂದೇ ಚೀಟಿ ಆ ಬೋರ್ಡಿನದು.

ಮರುದಿನ ಹೊಲಿಗೆ ಯಂತ್ರವನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದೆ, ಓಡಿತು. ಪ್ಲೇಯರ್ ಹಾಕಿದರೆ ಈಗ ಗಾಯಕಿ ನಿದ್ದೆಗಣ್ಣಿನಲ್ಲಿ ಹಾಡುವಂತೆ ಎಳೆಯುತ್ತಿದ್ದಾಳೆ, ತಟ್ಟೆ ನಿಮಿಷಕ್ಕೆ 28 ಸುತ್ತನ್ನೂ ಮುಟ್ಟುತ್ತಿಲ್ಲ. ಸಣ್ಣ ರಾಟೆ ಅದರಲ್ಲೇ ಉಳಿದಿತ್ತು. ಹಳೆಯದನ್ನು ಹೊಲಿಗೆ ಯಂತ್ರದ ಗುಂಡಿ ಡಬ್ಬಿಯಲ್ಲಿ ಹುಡುಕಿ ತೆಗೆದು ಹಾಕಿದೆ. ಸಣ್ಣದು ಈಗ ಅದೇ ಡಬ್ಬಿಯಲ್ಲಿದೆ.