ಒಂದೇ ಹಾಳೆ, ಎರಡು ಲಿಪಿ: ಪಂಜಾಬಿ ಸವಾಲು-ಸುದ್ದಿ ಹಾಳೆ ಮಾಡಿದ ನನ್ನ ಅನುಭವ

"ಗುರುಮುಖಿ ಓದೋರಿಗೆ ಒಂದು ಹಾಳೆ, ಶಾಹಮುಖಿ ಓದೋರಿಗೆ ಬ್ಯಾರೆ ಹಾಳೆ ಮಾಡ್ರೀ. ಎರಡೂ ಕಲಸಿದ್ರ ಯಾರೂ ಮುಟ್ಟಂಗಿಲ್ಲ." ಪಂಜಾಬಿಗೆ ಎರಡು ಲಿಪಿ: ಭಾರತದ ಕಡೆ ಗುರುಮುಖಿ, ಪಾಕಿಸ್ತಾನದ ಕಡೆ ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವ ಶಾಹಮುಖಿ. ಬೀದರಿನ ಡಿಟಿಪಿ ಗೆಳೆಯರೂ ಇದನ್ನೇ ಹೇಳಿದರು, ಲುಧಿಯಾನಾ ಕಡೆಯವರೂ ಇದನ್ನೇ ಹೇಳಿದರು. ಈಗ ವಾರಕ್ಕೊಂದು ಹಾಳೆ ಹೊರಡುತ್ತಿದೆ. ಅದರಲ್ಲಿ ಒಂದು ಬದುಕಿನ ಪ್ರಶ್ನೆ, ಒಂದು ಸೋಜಿಗದ ಸುದ್ದಿ, ಎರಡೂ ಲಿಪಿ ಅಕ್ಕಪಕ್ಕ. ಫೋನಿನಲ್ಲಿ ಅಮೃತಸರ, ಲಾಹೋರ್, ಇಂಗ್ಲೆಂಡಿನ ಸೌತ್‌ಹಾಲ್, ಕೆನಡಾದ ಬ್ರಾಂಪ್ಟನ್‌ಗೆ ಹೋಗುತ್ತದೆ. ಬೀದರಿನ ನಾನಕ್ ಝೀರಾ ಗುರುದ್ವಾರದ ಸುತ್ತಮುತ್ತ ಇರುವ ಮನೆಗಳಿಗೆ ಕಾಗದದಲ್ಲಿ ಹೋಗುತ್ತದೆ. ವಾರಕ್ಕೆ 60–70 ಉತ್ತರ ಬರುತ್ತವೆ, ಮೂರರಲ್ಲೊಂದು ಪಾಲು ಶಾಹಮುಖಿಯಲ್ಲಿ. ಆಗುವುದಿಲ್ಲ ಎಂದವರಲ್ಲಿ ಇಬ್ಬರು ನನ್ನ ಪುಟವಿನ್ಯಾಸದ ಕಡತ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಮೊದಲು ಬಿದ್ದುಹೋದ ದಾರಿಗಳು. ರೋಮನ್ ಅಕ್ಷರದಲ್ಲಿ ಪಂಜಾಬಿ ಬರೆದರೆ ಎರಡೂ ಕಡೆಯವರು ಓದುತ್ತಾರೆ ಎಂಬ ಮಾತಿದೆ. ಹುಡುಗರು ಓದುತ್ತಾರೆ, ಐವತ್ತು ದಾಟಿದವರು ಓದುವುದಿಲ್ಲ. ಬದುಕಿನ ಪ್ರಶ್ನೆಗೆ ತೂಕದ ಉತ್ತರ ಬರುವುದೇ ಆ ವಯಸ್ಸಿನವರಿಂದ. ಎರಡನೆಯದು, ಹಾಳೆಯ ಒಂದು ಮಗ್ಗುಲು ಗುರುಮುಖಿ, ಹಿಂದೆ ಶಾಹಮುಖಿ. ಹಿಂಬದಿ ಯಾರೂ ತಿರುಗಿಸಲಿಲ್ಲ. ಎರಡು ಗುಂಪಿನ ಉತ್ತರ ಎರಡು ದಂಡೆಯಲ್ಲೇ ಉಳಿಯಿತು. ಬಹುವರ್ಣದಲ್ಲಿ ಅಚ್ಚು ಹಾಕಿಸಿದ್ದಕ್ಕೆ ಪ್ರತಿಯೊಂದಕ್ಕೆ ₹20ರ ಮೇಲೆ ಹೋಯಿತು. ಓದುಗರ ಸಂಖ್ಯೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ನಿಂತ ದಾರಿ ಇದು. ಎ-3 ಹಾಳೆ ಅಡ್ಡ, ಒಂದೇ ಬದಿ. ಗುರುಮುಖಿ ಎಡ ಅಂಚಿನಿಂದ, ಶಾಹಮುಖಿ ಬಲ ಅಂಚಿನಿಂದ. ಎರಡೂ ತಮ್ಮ ತಮ್ಮ ಕಡೆಯಿಂದ ಹೊರಟು ನಡುವೆ ಸೇರಬೇಕು, ಸೇರುವ ಜಾಗದಲ್ಲಿ ಚಿತ್ರ. ಚಿತ್ರದ ಕೆಳಗೆ ಹಿಂದಿನ ವಾರದ ಉತ್ತರಗಳು, ಮತ್ತು ಅಲ್ಲೇ ಇದೆ ಕೀಲಿ: ಶಾಹಮುಖಿಯಲ್ಲಿ ಬಂದ ಉತ್ತರವನ್ನು ಗುರುಮುಖಿಯಲ್ಲಿ ಹಾಕುತ್ತೇನೆ, ಗುರುಮುಖಿಯಲ್ಲಿ ಬಂದದ್ದನ್ನು ಶಾಹಮುಖಿಯಲ್ಲಿ. ತನ್ನ ಉತ್ತರ ಆಚೆಯವರಿಗೆ ತಲುಪಿದೆ ಎಂದು ಗೊತ್ತಾದ ಮೇಲೆ ಜನ ಬರೆಯುವ ರೀತಿಯೇ ಬದಲಾಗುತ್ತದೆ. ಬೈಗುಳ ಇಳಿಯುತ್ತದೆ, ವಿವರ ಏರುತ್ತದೆ.

ಅಕ್ಷರದ ಕೆಲಸಕ್ಕೆ ಬರೋಣ. ಗುರುಮುಖಿ ಬರಹ ಕಳಿಸುವವರಲ್ಲಿ ಅರ್ಧದಷ್ಟು ಜನ ಇನ್ನೂ ಅನ್ಮೋಲ್‌ಲಿಪಿ, ಸತಲುಜ್, ಅಸೀಸ್ ಥರದ ಹಳೆಯ ಫಾಂಟಿನಲ್ಲೇ ಕಳಿಸುತ್ತಾರೆ. ನಮ್ಮ ಹಳೆಯ 'ನುಡಿ' ತಂತ್ರಾಂಶದ ಕಡತ ಯುನಿಕೋಡಿಗೆ ತಂದವರಿಗೆ ಅರ್ಕಾವತ್ತು ಕೊಡುವ ಕಾಟ ಗೊತ್ತಿದೆ; ಇಲ್ಲಿ ಅದೇ ಕಾಟ ಸಿಹಾರಿಯದು, ಅಂದರೆ ಹ್ರಸ್ವ ಇಕಾರದ ಗುರುತಿನದು. ಅದು ಕಾಣುವುದು ವ್ಯಂಜನದ ಎಡಕ್ಕೆ. ಹಳೆಯ ಫಾಂಟಿನಲ್ಲಿ ಒತ್ತುವುದೂ ಮೊದಲೇ. ಯುನಿಕೋಡಿನಲ್ಲಿ ಮಾತ್ರ ವ್ಯಂಜನದ ನಂತರ ಕೂರಬೇಕು. ಕಳಪೆ ಪರಿವರ್ತಕ ಅದನ್ನು ಹಿಂದಿನ ಅಕ್ಷರಕ್ಕೆ ಅಂಟಿಸಿಬಿಡುತ್ತದೆ, ಪದದ ಮೊದಲಲ್ಲಿದ್ದರೆ ಚುಕ್ಕೆವೃತ್ತ ತೋರಿಸುತ್ತದೆ. ಒಂದು ಫಾಂಟಿನ ಕೀಲಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಮೊದಲು ಒಂದೇ ಸಾಲು ಪರಿವರ್ತಿಸಿ ಸಿಹಾರಿ, ಅಡ್ಡಕ್ (ವ್ಯಂಜನ ಇಮ್ಮಡಿಯಾಗುವ ಗುರುತು), ಅಕ್ಷರದ ಕಾಲಿಗೆ ಬರುವ ರಕಾರ ಈ ಮೂರನ್ನು ನೋಡಿ. ಮೂರೂ ಸರಿಯಿದ್ದರೆ ಉಳಿದದ್ದು ಬಹುತೇಕ ಸರಿ. ಇನ್ನೊಂದು: ಕೆಳಗೆ ಚುಕ್ಕೆ ಇರುವ ಶ, ಖ಼, ಜ಼, ಫ಼ ಅಕ್ಷರಗಳನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಅಕ್ಷರ ಮತ್ತು ಚುಕ್ಕೆ ಬೇರೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎಲ್ಲವನ್ನೂ ಒಂದು ಬಗೆಗೆ ತಂದು ಆಮೇಲೆ ಮುಂದುವರಿಯಿರಿ.

ಗುರುಮುಖಿಯಿಂದ ಶಾಹಮುಖಿಗೆ ಯಂತ್ರದಿಂದ ಹೋಗಬಹುದು. ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದವರು ಇಂಥ ಪರಿವರ್ತಕ ಮಾಡಿದ್ದಾರೆ. ಆದರೆ ಯಂತ್ರ ಕೊಟ್ಟದ್ದನ್ನು ಹಾಗೇ ಹಾಕಿದರೆ ಲಾಹೋರಿನ ಓದುಗ ಎರಡನೇ ಸಾಲಿಗೇ ಬಿಡುತ್ತಾನೆ. ಕಾರಣ ನೋಡಿ. ಗುರುಮುಖಿಯಲ್ಲಿ ಜ಼ ಒಂದೇ. ಶಾಹಮುಖಿಯಲ್ಲಿ ಜ಼ಿಂದಗಿ ಬರೆಯುವುದು 'ಜ಼ೇ'ಯಿಂದ, ಜ಼ಿಕ್ರ್ 'ಜ಼ಾಲ್'ನಿಂದ, ಜ಼ರೂರ್ 'ಜ಼ುಆದ್'ನಿಂದ, ಜ಼ುಲ್ಮ್ 'ಜ಼ೋಏ'ಯಿಂದ. ಸಕಾರವೂ ಹಾಗೆಯೇ: ಸವಾಲ್, ಸಾಹಿಬ್, ಸಾಬಿತ್ ಮೂರಕ್ಕೂ ಮೂರು ಅಕ್ಷರ. ಇಂಥ ಪದಗಳ ಪಟ್ಟಿ ಇಟ್ಟುಕೊಂಡು ಪರಿವರ್ತನೆಗೆ ಮೊದಲೇ ಬದಲಿಸುತ್ತೇನೆ. ನನ್ನ ಪಟ್ಟಿ ಈಗ ಸುಮಾರು 1,100 ಪದಕ್ಕೆ ಬಂದಿದೆ. ಅದನ್ನು ಇಲ್ಲಿ ಹಾಕುವುದಿಲ್ಲ, ಅದೇ ನನ್ನ ಬಂಡವಾಳ. ಆದರೆ ಮೊದಲ 300 ಪದ ಸರಿಮಾಡಿದರೆ ತಪ್ಪಿನ ಬಹುಪಾಲು ಹೋಗುತ್ತದೆ ಎಂಬುದು ಗ್ಯಾರಂಟಿ. ಉಲ್ಟಾ ದಿಕ್ಕು, ಅಂದರೆ ಶಾಹಮುಖಿಯಿಂದ ಗುರುಮುಖಿಗೆ ಬರುವುದು, ಇನ್ನೂ ಕಷ್ಟ. ಅಲ್ಲಿ ಹ್ರಸ್ವ ಸ್ವರವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುಗ ಸಂದರ್ಭ ನೋಡಿ ತುಂಬಿಕೊಳ್ಳುತ್ತಾನೆ. ಉತ್ತರಗಳನ್ನು ನಾನು ಯಂತ್ರಕ್ಕೆ ಕೊಡದೆ ಕೈಯಿಂದಲೇ ಬರೆಯುತ್ತೇನೆ.

ತಿದ್ದುವವರನ್ನು ಹುಡುಕುವಾಗ ಬೀದರಿನಲ್ಲಿ ಅನುಕೂಲ ಇದೆ ಅನ್ನಿಸುತ್ತದೆ. ಹೈದರಾಬಾದ್ ರಾಜ್ಯದ ಕಾಲದಿಂದ ಉರ್ದು ಓದಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಉರ್ದು ಮಾಸ್ತರರು ಪಂಜಾಬಿಯನ್ನು ಉರ್ದುವಿಗೇ ತಿದ್ದುತ್ತಾರೆ. 'ನೂಂ' ಇದ್ದಲ್ಲಿ 'ಕೋ' ಆಗುತ್ತದೆ, 'ದಾ' ಇದ್ದಲ್ಲಿ 'ಕಾ' ಬರುತ್ತದೆ. ಣಕಾರಕ್ಕೆ ಶಾಹಮುಖಿಯಲ್ಲಿರುವ ಬೇರೆ ಅಕ್ಷರವನ್ನು ತಪ್ಪೆಂದು ಹೊಡೆದು ನಕಾರದ ಸಾದಾ ಅಕ್ಷರ 'ನೂನ್' ಹಾಕುತ್ತಾರೆ. ಕಾಗುಣಿತಕ್ಕೆ ಮಾತ್ರ ಅವರು, ವಾಕ್ಯಕ್ಕೆ ಪಂಜಾಬಿ ಮಾತಾಡುವವರೇ ಬೇಕು. ಪಾಕಿಸ್ತಾನಕ್ಕೆ ನೇರವಾಗಿ ದುಡ್ಡು ಕಳಿಸುವುದು ಆಗದ ಕೆಲಸ, ಆದ್ದರಿಂದ ಇಂಗ್ಲೆಂಡಿನಲ್ಲಿ ನೆಲೆಸಿದ ಲಾಹೋರ್ ಮೂಲದವರೊಬ್ಬರು ಕೊನೆಯ ತಿದ್ದುಪಡಿ ಮಾಡುತ್ತಾರೆ.

ಶಾಹಮುಖಿಯನ್ನು ಬರೀ ಪಠ್ಯವಾಗಿ ಕಳಿಸಬೇಡಿ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಅದು ಅರಬ್ಬಿಯ ನೇರ ಸಾಲಿನ ನಸ್ಖ್ ಶೈಲಿಗೆ ಬೀಳುತ್ತದೆ. ಉರ್ದುವಿನ ನಸ್ತಾಲೀಖ್ ಶೈಲಿ ಓದಿದ ಕಣ್ಣಿಗೆ ಅದು ರುಚಿಸುವುದಿಲ್ಲ. ಚಿತ್ರವಾಗಿ ಕಳಿಸಿ, ಜೊತೆಗೆ ಪಠ್ಯವನ್ನೂ ಇಡಿ. ನಸ್ತಾಲೀಖ್ ಓರೆಯಾಗಿ ಇಳಿಯುವ ಅಕ್ಷರ, ಸಾಲಿನ ಅಂತರ ಅಕ್ಷರದ ಅಳತೆಯ ಎರಡು ಪಟ್ಟಿನ ಹತ್ತಿರ ಬೇಕು. ಗುರುಮುಖಿಗೆ ಒಂದೂಕಾಲು ಪಟ್ಟು ಸಾಕು. ಅದರಿಂದ ಶಾಹಮುಖಿ ಅಂಕಣ ಉದ್ದವಾಗುತ್ತದೆ. ಅದಕ್ಕೆ ಅಗಲ ಕೊಡಿ, ಅಕ್ಷರ ಸಣ್ಣ ಮಾಡಬೇಡಿ. ದಿನಾಂಕದಲ್ಲಿ ಹೈಫನ್ ಹಾಕಲೇಬೇಡಿ. ಬಲದಿಂದ ಎಡಕ್ಕೆ ಹೋಗುವ ಸಾಲಿನಲ್ಲಿ 9-11-2019 ಅನ್ನುವುದು 2019-11-9 ಆಗಿ ತಿರುಗಿ ಕೂರುತ್ತದೆ. ಓರೆಗೆರೆ ಹಾಕಿದರೆ ತಿರುಗುವುದಿಲ್ಲ. ಭಾರತದ ಯಾತ್ರಿಕರು ಪಾಕಿಸ್ತಾನದ ಗುರುದ್ವಾರಕ್ಕೆ ಹೋಗಿಬರಲೆಂದು ಮಾಡಿದ ಕರ್ತಾರ್‌ಪುರ ಕಾರಿಡಾರ್ ತೆರೆದ ದಿನ ಅದು, ಎರಡೂ ಕಡೆಯವರಿಗೆ ಬಾಯಿಪಾಠ. ಅಂಥ ದಿನಾಂಕ ತಪ್ಪಾದರೆ ಇಡೀ ಹಾಳೆಯ ಮೇಲಿನ ನಂಬಿಕೆ ಹೋಗುತ್ತದೆ. ನಾನು ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತೇನೆ.

ಪ್ರಶ್ನೆ ಕಟ್ಟುವುದು ಬೇರೆಯೇ ಕಸುಬು. "ವಯಸ್ಸಾದ ತಂದೆತಾಯಿ ಬಗ್ಗೆ ನಿಮ್ಮ ಅಭಿಪ್ರಾಯ?" ಅಂತ ಕೇಳಿದರೆ ಪ್ರವಚನ ಬರುತ್ತದೆ. "ಬೀಬಿ (ತಾಯಿ) ಒಬ್ಬರೇ ಪಿಂಡದಲ್ಲಿ (ಹಳ್ಳಿಯಲ್ಲಿ) ಇದ್ದಾರೆ, ನಾವು ಬ್ರಾಂಪ್ಟನ್‌ನಲ್ಲಿ. ಎರಡು ಎಮ್ಮೆ ಮಾರಲು ಒಪ್ಪುತ್ತಿಲ್ಲ, ಎಮ್ಮೆ ಇರುವವರೆಗೆ ಹೊರಡುವುದಿಲ್ಲ ಅನ್ನುತ್ತಾರೆ. ಬೈಸಾಖಿಯೊಳಗೆ ಏನು ಮಾಡೋಣ?" ಅಂತ ಕೇಳಿದರೆ ಉತ್ತರ ಬರುತ್ತದೆ. ಎಮ್ಮೆಯನ್ನು ಪಕ್ಕದ ಮನೆಗೆ ಅರ್ಧ ಹಾಲಿನ ಕರಾರಿಗೆ ಬಿಡಿ ಎಂದು ಪಾಕಿಸ್ತಾನದ ಫೈಸಲಾಬಾದಿನವರು ಬರೆದದ್ದನ್ನು ಭಾರತದ ಮೋಗಾದವರು ಒಪ್ಪಿದರು. ಪ್ರಶ್ನೆ 40 ಪದ ದಾಟಬಾರದು, ಒಂದು ಅವಧಿ ಇರಬೇಕು, ತೀರ್ಮಾನ ಕೇಳಬೇಕು. ಕೇಳಿದವರ ಹೆಸರು, ಪಿಂಡ, ಜಾತಿ, ಗೋತ್ರ ತೆಗೆದುಬಿಡಿ. ಬದಲಿಸಿ ಸುಳ್ಳು ಹಾಕಬೇಡಿ, ತೆಗೆಯಿರಿ ಅಷ್ಟೆ.

ಕಾನೂನು ಬಂದರೆ ಎರಡು ಚೌಕ ಮಾಡಿ. ಅಕ್ಕತಂಗಿಯರಿಗೆ ಜಮೀನಿನ ಪಾಲು ಎಂಬ ಪ್ರಶ್ನೆ ತಿಂಗಳಿಗೊಮ್ಮೆ ಬಂದೇ ಬರುತ್ತದೆ. ಭಾರತದಲ್ಲಿ ಸಿಖ್ಖರಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆಚೆಯ ಮುಸ್ಲಿಂ ಮನೆಗಳಲ್ಲಿ ಮಗನ ಪಾಲಿನ ಅರ್ಧ. ಎರಡನ್ನೂ ಒಂದೇ ಪ್ಯಾರಾದಲ್ಲಿ ಬರೆದರೆ ಒಬ್ಬರದ್ದನ್ನು ಇನ್ನೊಬ್ಬರು ತಮ್ಮದೆಂದು ತಿಳಿಯುತ್ತಾರೆ.

ಅಳತೆಯಲ್ಲೂ ಇದೇ ಎಚ್ಚರ. ಪಂಜಾಬಿನ ಜಮೀನಿನ ಲೆಕ್ಕದಲ್ಲಿ ಎಕರೆಗೆ 8 ಕನಾಲ್, ಕನಾಲಿಗೆ 20 ಮರ್ಲಾ. ಮರ್ಲಾ ಅಂದರೆ 272.25 ಚದರಡಿ. ನಮ್ಮ ಒಂದು ಗುಂಟೆಗೆ ಸರಿಯಾಗಿ ನಾಲ್ಕು ಮರ್ಲಾ. ಆದರೆ ಲಾಹೋರ್ ನಗರದ ನಿವೇಶನದ ಲೆಕ್ಕದಲ್ಲಿ ಮರ್ಲಾ 225 ಚದರಡಿ. ಗೋಧಿ ಬೆಲೆ ಭಾರತದಲ್ಲಿ ಕ್ವಿಂಟಲಿಗೆ, ಪಾಕಿಸ್ತಾನದಲ್ಲಿ 40 ಕಿಲೋ ಮಣಕ್ಕೆ, ರೂಪಾಯಿಯೂ ಬೇರೆ. ಬರೀ 'ರೂಪಾಯಿ' ಅಂತ ಬಿಟ್ಟರೆ ಆ ವಾರದ ಉತ್ತರವೆಲ್ಲ ಅದರ ಮೇಲಿನ ಜಗಳವೇ.

ಸೋಜಿಗದ ಸುದ್ದಿ ಆರಿಸುವಾಗ ಎರಡೂ ಕಡೆ ಕಾಲಿರುವುದನ್ನು ಹಿಡಿಯಿರಿ. ಪಾಕಿಸ್ತಾನದ ಸಿಯಾಲ್‌ಕೋಟಿನ ಆಟದ ಸಾಮಾನಿನ ಕಸುಬುದಾರರು 1947ರಲ್ಲಿ ಭಾರತದ ಜಲಂಧರಕ್ಕೆ ಬಂದದ್ದು, ಈಗಲೂ ಎರಡೂ ಊರುಗಳು ಚೆಂಡು ಮಾಡುವುದು: ಇದಕ್ಕೆ ಬಂದಷ್ಟು ಉತ್ತರ ಬೇರಾವುದಕ್ಕೂ ಬಂದಿಲ್ಲ. ಜಲಂಧರ ಸುತ್ತಲಿನ ದೋಆಬ ಸೀಮೆಯ ಮನೆಗಳ ಮೇಲಿನ ವಿಮಾನಾಕಾರದ ನೀರಿನ ಟಾಂಕಿ, ವೀಸಾಕ್ಕೆ ಹರಕೆಯಾಗಿ ಆಟಿಕೆ ವಿಮಾನ ಇಡುವ ರೂಢಿಗೆ ಹೆಸರಾದ ತಲ್ಹಣ್ ಗುರುದ್ವಾರ ಇವೂ ಓಡುತ್ತವೆ. ಓಟಗಾರ ಫೌಜಾ ಸಿಂಗ್ ಬಗ್ಗೆ ಬರೆಯುವಾಗ ನೂರನೇ ವಯಸ್ಸಿನಲ್ಲಿ ಓಡಿದ 2011ರ ಟೊರಾಂಟೊ ಮ್ಯಾರಥಾನ್ ಜೊತೆಗೆ, ಜನನ ಪತ್ರ ಇಲ್ಲದ್ದರಿಂದ ಗಿನ್ನೆಸ್ ದಾಖಲೆಗೆ ಸೇರಲಿಲ್ಲ ಎಂಬುದನ್ನೂ ಹಾಕಿ. ಅದನ್ನು ಬಿಟ್ಟರೆ ಅರ್ಧ ಸುದ್ದಿ. "ಪಂಜಾಬಿ ಇನ್ನೈವತ್ತು ವರ್ಷಕ್ಕೆ ಸಾಯುತ್ತದೆ ಅಂತ ಯುನೆಸ್ಕೋ ಹೇಳಿದೆ" ಎಂಬುದು ವರ್ಷಕ್ಕೆರಡು ಸಲ ಬರುತ್ತದೆ. ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಪಂಜಾಬಿ ಇಲ್ಲ. ಅದನ್ನು ಹಾಕಬೇಡಿ.

ಕಾಗದದ ಪ್ರತಿಯಲ್ಲಿ ಗುರ್ಬಾಣಿಯ (ಸಿಖ್ ಧರ್ಮಗ್ರಂಥದ) ಸಾಲಾಗಲಿ ಕುರಾನಿನ ಆಯತ್ ಆಗಲಿ ಬೇಡ. ಆ ಹಾಳೆ ನಾಳೆ ಕಿರಾಣಿ ಅಂಗಡಿಯ ಪೊಟ್ಟಣ ಆದರೆ ಬೇಅದಬಿ, ಅಂದರೆ ಪವಿತ್ರ ವಚನಕ್ಕೆ ಅವಮಾನ. ಒಂದೇ ಸಾಲು ಇದ್ದರೂ ಜನ ಹಾಳೆಯನ್ನು ತೆಗೆದಿಟ್ಟುಬಿಡುತ್ತಾರೆ, ಮುಂದಿನ ಮನೆಗೆ ಕೊಡುವುದಿಲ್ಲ.

ನಡುವೆ ಎರಡು ಪ್ರಯೋಗ. ಬೀದರ್, ಬೆಂಗಳೂರಿನಲ್ಲಿ ಹುಟ್ಟಿದ ಪಂಜಾಬಿ ಮಕ್ಕಳಿಗಾಗಿ ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲೂ ಹಾಕಿ ನೋಡಿದೆ. ಪಂಜಾಬಿಯಲ್ಲಿ ಸ್ವರಭಾರದ ಆಟ ಇದೆ; 'ಘೋಡಾ' ಬಾಯಲ್ಲಿ ಬರುವುದು ತಗ್ಗಿದ ದನಿಯ 'ಕೋಡಾ'. ಕನ್ನಡದಲ್ಲಿ ಹೇಗೆ ಬರೆದರೂ ಮಕ್ಕಳು ತಪ್ಪಾಗಿ ಓದಿದರು. ಅದನ್ನು ಬಿಟ್ಟು ಧ್ವನಿ ಸೇರಿಸಿದೆ, ಅದು ಹತ್ತಿತು. ಒಂದೂವರೆ ನಿಮಿಷ, ಮಾಝಿ ಉಪಭಾಷೆ, ಅದು ಅಮೃತಸರಕ್ಕೂ ಲಾಹೋರಿಗೂ ಮನೆಯ ಮಾತು. ಪಂಜಾಬಿ ಮಾತಾಡಿದರೂ ಉರ್ದು ಮಾತ್ರ ಓದಿ ರೂಢಿಯಾದ ಲಾಹೋರಿನವರು ಧ್ವನಿ ಕೇಳುತ್ತಾ ಶಾಹಮುಖಿ ಓದುತ್ತಾರೆ. ಹಾಳೆ ಬಿಡುವುದು ಭಾನುವಾರ ರಾತ್ರಿ 8ಕ್ಕೆ. ಆಗ ಲಾಹೋರಿನಲ್ಲಿ ಏಳೂವರೆ, ಬೇಸಿಗೆಯಾದರೆ ಸೌತ್‌ಹಾಲ್‌ನಲ್ಲಿ ಮಧ್ಯಾಹ್ನ ಮೂರೂವರೆ, ಬ್ರಾಂಪ್ಟನ್‌ನಲ್ಲಿ ಬೆಳಿಗ್ಗೆ ಹತ್ತೂವರೆ. ಧ್ವನಿ ಕೊಡುವವರನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ಇಟ್ಟುಕೊಂಡಿರುತ್ತೇನೆ.

ವಾರದ ಖರ್ಚು: ರಿಸೋ ನಕಲು ಯಂತ್ರದಲ್ಲಿ 200 ಪ್ರತಿಗೆ ₹600ರ ಆಸುಪಾಸು, ಕಾಗುಣಿತ ತಿದ್ದಲು ₹150, ಧ್ವನಿಗೆ ₹200. ತಿಂಗಳಿಗೆ ನಾಲ್ಕು ಸಾವಿರದೊಳಗೆ ಮುಗಿಯುತ್ತದೆ. ಜಾಹೀರಾತು ಹಾಕಿದ ವಾರ ವೀಸಾ ಏಜೆಂಟರು ಮಾತ್ರ ಬಂದರು. ಪರದೇಶದ ಮದುವೆಯ ಪ್ರಶ್ನೆಯ ಪಕ್ಕದಲ್ಲಿ ಅವರ ಜಾಹೀರಾತು ಕೂರಿಸಲು ನನಗೆ ಮನಸ್ಸಿಲ್ಲ. ಈಗ ಕಾಗದದ ಪ್ರತಿ ಬೇಕೆಂದವರು ವರ್ಷಕ್ಕೆ ₹300 ಕೊಡುತ್ತಾರೆ, ಫೋನಿನದು ಪುಕ್ಕಟೆ. ಚಂದಾ ಕೊಟ್ಟವರು ಸುಮಾರು 120 ಮನೆ. ಕಾಗದದ ಖರ್ಚು ಅದರಲ್ಲಿ ಮುಗಿಯುತ್ತದೆ, ತಿದ್ದುವವರ ದುಡ್ಡು ಹೆಚ್ಚಿಸಲು ಇನ್ನೂ ಐವತ್ತು ಮನೆ ಬೇಕು.