ಆಗ್ನೆಸ್ ಜೊತೆ ಒಂಟಿ ಆಟ: ಭೀತಿಯನ್ನು ಬಿಡಿಬಿಡಿಯಾಗಿ ಖರ್ಚು ಮಾಡುವುದು

ನಾನು ಒಬ್ಬಳೇ ಆಡುವ ಒಂದು ಕಾರ್ಡ್ ಆಟದಲ್ಲಿ ನನ್ನ ಪಾತ್ರ ಆಗ್ನೆಸ್ ಬೇಕರ್. ಅವಳ ಕಾರ್ಡಿನ ಮೇಲೆ ಎರಡು ಅಂಕೆಗಳಿವೆ: ದೇಹಬಲ 6, ಮನಸ್ಥೈರ್ಯ 8. ಒಂದು ಪೆಟ್ಟು ಬಿದ್ದರೆ ದೇಹಬಲದಲ್ಲಿ ಒಂದು ಕಡಿಮೆ, ಒಂದು ಭೀತಿ ಬಿದ್ದರೆ ಮನಸ್ಥೈರ್ಯದಲ್ಲಿ ಒಂದು ಕಡಿಮೆ; ಯಾವುದು ಮುಗಿದರೂ ಸೋಲು. ಆ ಎಂಟನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಆಡಿದಷ್ಟು ದಿನ ನಾನು ಸೋತೆ. ಕೈಖರ್ಚಿನ ಹಣದಂತೆ ಅದನ್ನು ಎಣಿಸಿ ಎಣಿಸಿ ಬಳಸಲು ಕಲಿತ ಮೇಲೆ ಗೆಲುವು ಕಾಣತೊಡಗಿತು. ಎಷ್ಟು, ಯಾವಾಗ, ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ಕಲಿಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದ ಕಥೆ ನಡುವೆ ಬಯಲಾಗುತ್ತದೆ, ಇನ್ನೂ ಆಡದವರು ಗಮನಿಸಬೇಕು.

ಆಟದ ಹೆಸರು ಆರ್ಕಮ್ ಹಾರರ್: ದ ಕಾರ್ಡ್ ಗೇಮ್. ನೇಟ್ ಫ್ರೆಂಚ್ ಮತ್ತು ಮ್ಯಾಥ್ಯೂ ನ್ಯೂಮನ್ ರೂಪಿಸಿದ ಇದನ್ನು ಫ್ಯಾಂಟಸಿ ಫ್ಲೈಟ್ ಗೇಮ್ಸ್ 2016ರಲ್ಲಿ ಹೊರತಂದಿತು. 1920ರ ದಶಕದ ಅಮೆರಿಕ, ಮ್ಯಾಸಚೂಸೆಟ್ಸ್‌ನಲ್ಲಿದೆ ಎಂದು ಕಲ್ಪಿಸಿದ ಆರ್ಕಮ್ ಎಂಬ ಊರು. ಆಟಗಾರರು ಪರಸ್ಪರ ಎದುರಾಳಿಗಳಲ್ಲ. ಎಲ್ಲರೂ ಒಂದು ಕಡೆ, ಆಟವೇ ಇನ್ನೊಂದು ಕಡೆ. ಒಬ್ಬರೇ ಕುಳಿತೂ ಆಡಬಹುದು. ಏನಾದರೂ ಸಾಧಿಸಬೇಕಾದರೆ ನಿಮ್ಮ ಸಾಮರ್ಥ್ಯದ ಅಂಕೆಯನ್ನು ಕಷ್ಟದ ಅಂಕೆಯ ಎದುರು ಇಟ್ಟು, ಚೀಲದಿಂದ ಒಂದು ಟೋಕನ್ ತೆಗೆಯಬೇಕು. ಮೊದಲ ಕಥಾಸರಣಿಯ ಸಾಮಾನ್ಯ ಮಟ್ಟದಲ್ಲಿ ಆ ಚೀಲದಲ್ಲಿ 16 ಟೋಕನ್‌ಗಳಿರುತ್ತವೆ: ಒಂದು +1, ಎರಡು ಸೊನ್ನೆ, ಮೂರು −1, ಎರಡು −2, ಒಂದು −3, ಒಂದು −4, ಎರಡು ತಲೆಬುರುಡೆ, ಒಂದು ಕಲ್ಟಿಸ್ಟ್, ಒಂದು ಟ್ಯಾಬ್ಲೆಟ್, ಏನೇ ಮಾಡಿದರೂ ಸೋಲಿಸುವ ಒಂದು ಟೋಕನ್, ಮತ್ತು ನಮ್ಮ ಪಾತ್ರಕ್ಕೇ ಮೀಸಲಾದ ಹಿರಿಯರ ಚಿಹ್ನೆ ಒಂದು. ಈ ಪಟ್ಟಿ ನನಗೆ ಈಗ ಮಗ್ಗಿಯಂತೆ ಬಾಯಿಗೆ ಬಂದಿದೆ. ಬರಲೇಬೇಕು. ಚೀಲದ ಲೆಕ್ಕ ಗೊತ್ತಿಲ್ಲದೆ ಅಪಾಯದ ಕಟ್ಟು (ಆಟಕ್ಕೆಂದು ಆರಿಸಿಕೊಂಡ ಮೂವತ್ತು ಕಾರ್ಡ್‌ಗಳು) ಕಟ್ಟುವುದು ಆಳ ನೋಡದೆ ಹೊಳೆಗೆ ಇಳಿದಂತೆ.

ಆಗ್ನೆಸ್ ಒಂದು ಹೋಟೆಲಿನಲ್ಲಿ ಬಡಿಸುವ ಹೆಂಗಸು. ಹಿಂದಿನ ಯಾವುದೋ ಜನ್ಮದಲ್ಲಿ ಮಾಂತ್ರಿಕಳಾಗಿದ್ದ ನೆನಪು ಆಗಾಗ ಅವಳನ್ನು ಹಿಡಿದು ಅಲುಗಾಡಿಸುತ್ತದೆ. ಇಚ್ಛಾಶಕ್ತಿ 5, ಉಳಿದದ್ದೆಲ್ಲ ಸಾಧಾರಣ: ಬುದ್ಧಿ 2, ಹೋರಾಟ 2, ಚುರುಕು 3. ಅವಳ ವಿಶೇಷ ಇದು: ಅವಳ ಮೇಲೆ ಭೀತಿ ಬಿದ್ದಾಗ, ಅದೇ ಜಾಗದಲ್ಲಿರುವ ಒಂದು ಶತ್ರುವಿಗೆ ಒಂದು ಪೆಟ್ಟು ಕೊಡಬಹುದು. ಪರೀಕ್ಷೆಯಿಲ್ಲ, ಟೋಕನ್ ಇಲ್ಲ, ತಪ್ಪುವ ಮಾತೇ ಇಲ್ಲ. ಒಂದು ಹಂತದಲ್ಲಿ ಒಮ್ಮೆ ಮಾತ್ರ. ಹಿರಿಯರ ಚಿಹ್ನೆ ಬಂದರೆ, ಅವಳ ಮೇಲಿರುವ ಒಂದೊಂದು ಭೀತಿಗೂ +1.

ನಾಲ್ವರು ಕೂಡಿ ಆಡುವಾಗ ಈ ಒಂದು ಪೆಟ್ಟು ದೊಡ್ಡ ವಿಷಯವಲ್ಲ. ಮೊದಲ ಅಧ್ಯಾಯದ ಕೊನೆಯಲ್ಲಿ ಎದುರಾಗುವ ಗೂಲ್ ಪ್ರೀಸ್ಟ್ ಎಂಬ ಶತ್ರುವಿಗೆ ಒಬ್ಬ ಆಟಗಾರನಿಗೆ ಐದರಂತೆ ದೇಹಬಲ. ನಾಲ್ವರಿದ್ದರೆ 20, ಒಬ್ಬರೇ ಇದ್ದರೆ 5. ಇಪ್ಪತ್ತರಲ್ಲಿ ಒಂದು ಎಲ್ಲಿ, ಐದರಲ್ಲಿ ಒಂದು ಎಲ್ಲಿ! ಒಂಟಿ ಆಟಕ್ಕೆ ಆಗ್ನೆಸ್ ಅಪಾಯಕಾರಿ ಎಂದು ಹೇಳುವವರು ಈ ಭಾಗಾಕಾರವನ್ನು ಮರೆಯುತ್ತಾರೆ. ಅಪಾಯ ನಿಜ, ನೆಲಕ್ಕೆ ಬಿದ್ದರೆ ಎತ್ತುವವರು ಯಾರೂ ಇರುವುದಿಲ್ಲ. ಆದರೆ ಅವಳ ಪೆಟ್ಟಿಗೆ ಅತಿ ಹೆಚ್ಚು ಬೆಲೆ ಇರುವುದೂ ಒಬ್ಬರೇ ಆಡುವಾಗಲೇ.

ಹಂತಕ್ಕೆ ಒಮ್ಮೆ ಎಂಬ ಮಾತಿನಲ್ಲಿ ಇಡೀ ತಂತ್ರ ಅಡಗಿದೆ. ಒಂದು ಸುತ್ತಿನಲ್ಲಿ ನಾಲ್ಕು ಹಂತಗಳು: ವಿಪತ್ತು ಬರುವ ಹಂತ, ನಾವು ಮೂರು ಕ್ರಿಯೆ ಮಾಡುವ ಹಂತ, ಶತ್ರುಗಳು ಹೊಡೆಯುವ ಹಂತ, ಕೊನೆಗೆ ಕಾರ್ಡನ್ನೂ ಸಂಪನ್ಮೂಲವನ್ನೂ (ಕಾರ್ಡ್ ಆಡಲು ತೆರುವ ಹಣ) ಪಡೆಯುವ ಹಂತ. ಮೂರು ಭೀತಿ ಒಟ್ಟಿಗೆ ಬಿದ್ದರೆ ಸಿಗುವುದು ಒಂದೇ ಪೆಟ್ಟು. ಅದೇ ಮೂರು ಮೂರು ಹಂತಗಳಲ್ಲಿ ಒಂದೊಂದಾಗಿ ಬಿದ್ದರೆ ಮೂರು ಪೆಟ್ಟು. ಬೆಲೆ ಅಷ್ಟೇ, ಫಲ ಮೂರು ಪಟ್ಟು. ಹಾಗಾಗಿ ನನ್ನ ಕಟ್ಟಿನ ಪ್ರತಿ ಕಾರ್ಡಿಗೂ ನಾನು ಕೇಳುವ ಪ್ರಶ್ನೆ ಒಂದೇ: ನೀನು ಭೀತಿಯನ್ನು ಬಿಡಿಯಾಗಿ, ನಾನು ಬೇಕೆಂದ ಹೊತ್ತಿಗೆ ಕೊಡುತ್ತೀಯಾ?

ಹಾಗೆ ಕೊಡುವುದರಲ್ಲಿ ಫರ್ಬಿಡನ್ ನಾಲೆಡ್ಜ್ ಎಂಬ ಕಾರ್ಡಿಗೆ ಸಾಟಿಯಿಲ್ಲ. ಬೆಲೆ ಸೊನ್ನೆ, ಮೇಲೆ ನಾಲ್ಕು ರಹಸ್ಯಗಳು, ಅಂದರೆ ನಾಲ್ಕು ಸಲ ಬಳಸಬಹುದು. ಸುತ್ತಿಗೊಮ್ಮೆ ಒಂದು ಭೀತಿ ತೆಗೆದುಕೊಂಡು ಒಂದು ಸಂಪನ್ಮೂಲ ಪಡೆಯಬಹುದು, ಕ್ರಿಯೆ ಖರ್ಚಾಗುವುದಿಲ್ಲ. ಬಹಳ ಜನ ಇದನ್ನು ತಮ್ಮ ಸರದಿಯಲ್ಲೇ ಬಳಸಿ ಮುಗಿಸುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಇದು ಶತ್ರುಗಳ ಹಂತದಲ್ಲೂ ನಡೆಯುತ್ತದೆ. ಬೇಟೆಗಾರ ಶತ್ರು ನಡೆದು ಬಂದು ನಮ್ಮನ್ನು ಹಿಡಿದ ಮೇಲೆ, ಹೊಡೆಯುವ ಮುಂಚೆ, ಒಂದು ಸಣ್ಣ ಸಂದು ಸಿಗುತ್ತದೆ. ಆ ಸಂದಿನಲ್ಲಿ ಇದನ್ನು ಬಳಸಿದರೆ ಒಂದೇ ಬಲ ಉಳಿದಿರುವ ಶತ್ರು ಕೈ ಎತ್ತುವ ಮೊದಲೇ ಸಾಯುತ್ತದೆ. ಇಲಿಗಳ ಹಿಂಡಿಗೆ ದೇಹಬಲ 1. ಎರಡನೆಯ ಅಧ್ಯಾಯದಲ್ಲಿ, ನಮ್ಮ ಗಡುವನ್ನು ಹತ್ತಿರ ತರುವ ವಿನಾಶದ ಟೋಕನ್ ಹೊತ್ತು ಬರುವ ಅಕೊಲೈಟ್ ಎಂಬ ಶತ್ರುವಿಗೂ 1. ಇವಕ್ಕಾಗಿ ಒಂದು ಕ್ರಿಯೆಯನ್ನೂ ಖರ್ಚು ಮಾಡಬೇಕಿಲ್ಲ.

ವಿಪತ್ತಿನ ಹಂತಕ್ಕೆ ವಾರ್ಡ್ ಆಫ್ ಪ್ರೊಟೆಕ್ಷನ್ ಎಂಬ ಕಾರ್ಡ್. ಬಂದ ಕೇಡನ್ನು ತಡೆದು ಬದಲಿಗೆ ಒಂದು ಭೀತಿ ಕೊಡುತ್ತದೆ. ಬೇರೆಯವರಿಗೆ ಅದು ದಂಡ, ಆಗ್ನೆಸ್‌ಗೆ ಇನ್ನೊಂದು ಪೆಟ್ಟು. ನಮ್ಮ ಸರದಿಗೆ ಶ್ರಿವೆಲ್ಲಿಂಗ್: ಇಚ್ಛಾಶಕ್ತಿಯಿಂದ ಹೋರಾಡಿ ಎರಡು ಪೆಟ್ಟು ಕೊಡುವ ಮಂತ್ರ, ನಾಲ್ಕು ಸಲ ಬಳಸಬಹುದು. ತಲೆಬುರುಡೆ, ಕಲ್ಟಿಸ್ಟ್, ಟ್ಯಾಬ್ಲೆಟ್ ಅಥವಾ ಸೋಲಿನ ಟೋಕನ್ ಬಂದರೆ ಒಂದು ಭೀತಿ. ಅಂದರೆ 16ರಲ್ಲಿ 5. ಈ ಐದನ್ನು ನಾನು ಹೆದರಿಕೆಯಿಂದ ಎಣಿಸುತ್ತಿದ್ದೆ. ಈಗ ಅದರಲ್ಲಿ ನಾಲ್ಕನ್ನು ಸ್ವಾಗತಿಸುತ್ತೇನೆ.

ಸುಳಿವು ಹುಡುಕುವುದೇ ಒಂಟಿ ಆಗ್ನೆಸ್‌ಳ ದೊಡ್ಡ ಕೊರತೆ. ಬುದ್ಧಿ 2 ಇಟ್ಟುಕೊಂಡು ಎಷ್ಟು ಹುಡುಕಲು ಸಾಧ್ಯ? ರೈಟ್ ಆಫ್ ಸೀಕಿಂಗ್ ಇಚ್ಛಾಶಕ್ತಿಯಿಂದ ಹುಡುಕಿಸುತ್ತದೆ, ಸರಿ. ಡ್ರಾನ್ ಟು ದ ಫ್ಲೇಮ್ ಇನ್ನೂ ದಿಟ್ಟ ಕಾರ್ಡ್: ವಿಪತ್ತಿನ ಕಟ್ಟಿನಿಂದ ಇನ್ನೊಂದು ಕಾರ್ಡನ್ನು ನಾವಾಗಿಯೇ ಎಳೆದುಕೊಂಡು, ಎರಡು ಸುಳಿವು ಪಡೆಯುವುದು. ಕೈಯಲ್ಲಿ ವಾರ್ಡ್ ಇದ್ದಾಗ ಮಾತ್ರ ನಾನು ಇದನ್ನು ಆಡುತ್ತೇನೆ.

ಇನ್ನು ಈ ಕಟ್ಟಿಗೆ ನಿಜವಾದ ಅಪಾಯದ ಹೆಸರು ತಂದುಕೊಟ್ಟ ಕಾರ್ಡ್‌ಗಳು. ಇದೇ ಆಟದ ಕಾರ್ಕೋಸಾ ಎಂಬ ಇನ್ನೊಂದು ಕಥಾಸರಣಿಯಲ್ಲಿ ಬಂದ ನಾಲ್ಕು ಹತಾಶೆಯ ಕಾರ್ಡ್‌ಗಳಿವೆ. ಒಂದೊಂದರಲ್ಲೂ ಒಂದೇ ಸಾಮರ್ಥ್ಯದ ನಾಲ್ಕು ಚಿಹ್ನೆಗಳು, ಅಂದರೆ ಪರೀಕ್ಷೆಗೆ ಸೇರಿಸಿದರೆ +4. ಷರತ್ತು ಒಂದೇ: ಮನಸ್ಥೈರ್ಯ ಮೂರು ಅಥವಾ ಅದಕ್ಕಿಂತ ಕಡಿಮೆ ಉಳಿದಿರಬೇಕು. ಆಗ್ನೆಸ್‌ಳ ಮಟ್ಟಿಗೆ ಐದು ಭೀತಿ ಹೊತ್ತಿರಬೇಕು. ಮೊದಲ ಸಲ ನಾಲ್ಕನ್ನೂ ಎರಡೆರಡರಂತೆ ಎಂಟು ಹಾಕಿದೆ. ಮೂವತ್ತರಲ್ಲಿ ಎಂಟು. ಆಟ ಆರಂಭವಾದಾಗ ಐದು ಕಾರ್ಡಿನ ಕೈಯಲ್ಲಿ ಮೂರು ಇವೇ, ಒಂದನ್ನೂ ಮುಟ್ಟುವಂತಿಲ್ಲ. ಆ ಆಟ ಹಾಗೆಯೇ ಮುಗಿಯಿತು. ಈಗ ಬುದ್ಧಿಗೆ ಡೆಸ್ಪರೇಟ್ ಸರ್ಚ್ ಎರಡು, ಇಚ್ಛಾಶಕ್ತಿಗೆ ಸೇ ಯುವರ್ ಪ್ರೇಯರ್ಸ್ ಒಂದು, ಅಷ್ಟೇ. ಬುದ್ಧಿ 2 ಇರುವವಳು ಒಂದು ಕ್ಷಣಕ್ಕೆ 6 ಆಗುವುದು ಸಣ್ಣ ಮಾತಲ್ಲ. ಕಾಳಗದ್ದು ಮತ್ತು ಓಟದ್ದು ಅವಳಿಗೆ ಬೇಕಿಲ್ಲ, ಆ ಕೆಲಸವನ್ನು ಮಂತ್ರ ಮಾಡುತ್ತದೆ.

ತಡೆಗೆ ಹೋಲಿ ರೋಸರಿ: ಇಚ್ಛಾಶಕ್ತಿ +1, ಜೊತೆಗೆ ಎರಡು ಭೀತಿಯನ್ನು ತಾನೇ ಹೊರಬಲ್ಲದು. ಪೀಟರ್ ಸಿಲ್ವೆಸ್ಟರ್ ಎಂಬ ಜೊತೆಗಾರ ಕೂಡ ಎರಡು ಹೊರುತ್ತಾನೆ, ಪ್ರತಿ ಸರದಿ ಮುಗಿದಾಗ ಒಂದನ್ನು ತಾನೇ ವಾಸಿ ಮಾಡಿಕೊಳ್ಳುತ್ತಾನೆ. ಆಗ್ನೆಸ್‌ಳ ಸ್ವಂತ ದೌರ್ಬಲ್ಯವಾದ (ಕಟ್ಟಿನಲ್ಲಿ ಇಟ್ಟುಕೊಳ್ಳಲೇಬೇಕಾದ ಕೆಟ್ಟ ಕಾರ್ಡ್) ಡಾರ್ಕ್ ಮೆಮೊರಿಗೆ ಅವನೇ ಮದ್ದು. ಆ ಕಾರ್ಡ್ ಕೈಯಲ್ಲಿದ್ದರೆ ಪ್ರತಿ ಸರದಿಯ ಕೊನೆಗೆ ಎರಡು ಭೀತಿ. ತೊಲಗಿಸಬೇಕಾದರೆ ಎರಡು ಸಂಪನ್ಮೂಲ ತೆತ್ತು ವಿನಾಶದ ಟೋಕನ್ ಒಂದನ್ನು ಹೆಚ್ಚಿಸಬೇಕು. ಪೀಟರ್ ಇದ್ದು, ಎದುರಿಗೆ ಶತ್ರುವೂ ಇದ್ದರೆ ನಾನು ಅದನ್ನು ಒಂದೆರಡು ಸರದಿ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಭೀತಿ ಅವನಿಗೆ, ಒಂದು ಅವಳಿಗೆ. ಅವನದು ಕೂಡಲೇ ವಾಸಿ, ಅವಳದು ಶತ್ರುವಿಗೆ ಪೆಟ್ಟು.

ಈಗ ಒಂದು ರಾತ್ರಿಯ ಮಾತು. ಮೈಸೂರಿನ ಮನೆ, ಡಿಸೆಂಬರ್. ಊಟದ ಮೇಜಿನ ಅರ್ಧದಲ್ಲಿ ನನ್ನ ಕಾರ್ಡ್‌ಗಳು, ಇನ್ನರ್ಧದಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಗೂಲ್ ಪ್ರೀಸ್ಟ್ ಹಜಾರದಲ್ಲಿ ಎದ್ದು ನಿಂತು ಆಗ್ನೆಸ್‌ಳನ್ನು ಹಿಡಿದಿತ್ತು. ಹೋರಾಟ 4, ದೇಹಬಲ 5, ಒಂದು ಹೊಡೆತಕ್ಕೆ ಎರಡು ಪೆಟ್ಟು ಮತ್ತು ಎರಡು ಭೀತಿ. ನಮ್ಮ ಹೊಡೆತ ತಪ್ಪಿದರೆ ತಿರುಗಿ ಹೊಡೆಯುವ ಜಾತಿ. ಆಗ್ನೆಸ್ ಐದು ಭೀತಿ ಹೊತ್ತಿದ್ದಳು, ಮೂರು ಉಳಿದಿತ್ತು. ನೆಲಮಾಳಿಗೆಗೆ ಇಳಿದಾಗ ಒಂದು, ಗ್ರಾಸ್ಪಿಂಗ್ ಹ್ಯಾಂಡ್ಸ್ ಎಂಬ ವಿಪತ್ತಿನ ಕಾರ್ಡಿನಿಂದ ಎರಡು ಪೆಟ್ಟು ಬಿದ್ದು ದೇಹಬಲವೂ ಮೂರೇ. ಶ್ರಿವೆಲ್ಲಿಂಗ್‌ನಲ್ಲಿ ಎರಡು ಸಲಕ್ಕಾಗುವಷ್ಟು ಶಕ್ತಿ. ರೋಸರಿ ಕೊರಳಲ್ಲಿದೆ, ಪೀಟರ್ ಇಲ್ಲ.

ಸುತ್ತಿನ ಕೊನೆಯ ಕಾರ್ಡ್ ಎಳೆದೆ. ಸೈಕೋಸಿಸ್. ಆಟದ ಆರಂಭದಲ್ಲಿ ಕಣ್ಣುಮುಚ್ಚಿ ಆರಿಸಿದ ದೌರ್ಬಲ್ಯ ಅದೇ ಆಗಿತ್ತು. ಪಾತ್ರದ ಮೇಲೆ ಭೀತಿ ಬಿದ್ದಾಗಲೆಲ್ಲ ದೇಹಕ್ಕೂ ಒಂದು ನೇರ ಪೆಟ್ಟು. ದೌರ್ಬಲ್ಯದ ಕಾರ್ಡನ್ನು ವಾರ್ಡ್ ತಡೆಯುವುದಿಲ್ಲ. ಭೀತಿಯನ್ನೇ ಆಯುಧ ಮಾಡಿಕೊಂಡವಳಿಗೆ ಇದಕ್ಕಿಂತ ಕೆಟ್ಟ ಕಾರ್ಡ್ ಇಲ್ಲ.

ತೊಲಗಿಸಲು ಎರಡು ಕ್ರಿಯೆ ಬೇಕು. ಶತ್ರು ಹಿಡಿದಿರುವಾಗ ಆ ಕೆಲಸಕ್ಕೆ ಕೈ ಹಾಕಿದರೆ ಅದು ಹೊಡೆಯುತ್ತದೆ. ಆ ದಾರಿ ಮುಚ್ಚಿತು. ಉಳಿದದ್ದು ಕೊಲ್ಲುವುದು, ಈ ಸರದಿಯಲ್ಲೇ. ಎರಡು ಶ್ರಿವೆಲ್ಲಿಂಗ್ ಎಂದರೆ ನಾಲ್ಕು ಪೆಟ್ಟು. ಬೇಕಾದದ್ದು ಐದು. ಐದನೆಯದು ಆಗ್ನೆಸ್‌ಳ ಭೀತಿಯಿಂದಲೇ ಬರಬೇಕು. ಫರ್ಬಿಡನ್ ನಾಲೆಡ್ಜ್ ಮೇಜಿನ ಮೇಲೆಯೇ ಇತ್ತು.

ಕೈ ತಾನಾಗಿ ಅದರತ್ತ ಹೋಯಿತು. ತಡೆದೆ. ಅದನ್ನು ಮೊದಲೇ ಬಳಸಿ, ಆಮೇಲೆ ಚೀಲದಿಂದ ತಲೆಬುರುಡೆ ಬಂದರೆ, ಆ ಭೀತಿಯಿಂದ ಪೆಟ್ಟು ಸಿಗುವುದಿಲ್ಲ, ಹಂತದ ಲೆಕ್ಕ ಮುಗಿದಿರುತ್ತದೆ. ಕೊನೆಗೆ ಇಟ್ಟುಕೊಂಡರೆ, ಚೀಲವೇ ಭೀತಿ ಕೊಟ್ಟರೆ ಅದನ್ನು ಅವಳ ಮೇಲೆ ಹಾಕಿಕೊಳ್ಳಬಹುದು, ಕೊಡದಿದ್ದರೆ ಮಾತ್ರ ಇದು. ಎರಡನೆಯ ಸಲವೂ ಭೀತಿ ಬಂದರೆ ರೋಸರಿಯ ಮೇಲೆ ಹಾಕಿ ಸೈಕೋಸಿಸ್‌ನಿಂದ ತಪ್ಪಿಸಿಕೊಳ್ಳಬಹುದು. ಸೋಲಿನ ಟೋಕನ್ ಬಂದರೆ? ಮಂತ್ರದ ಒಂದು ಭೀತಿ, ತಿರುಗೇಟಿನ ಎರಡು. ರೋಸರಿ ಹೊರುವುದು ಎರಡನ್ನೇ. ಮೂರನೆಯದು ಆಗ್ನೆಸ್‌ಳ ಮೇಲೆ, ಅದರಿಂದ ಒಂದು ನೇರ ಪೆಟ್ಟು, ತಿರುಗೇಟಿನ ಎರಡು ಪೆಟ್ಟು. ಮೂರಕ್ಕೆ ಮೂರು, ಸಾವು. ಕೈಯಲ್ಲಿ ಇಚ್ಛಾಶಕ್ತಿಗೆ +2 ಕೊಡುವ ಗಟ್ಸ್ ಇತ್ತು, ಸೇ ಯುವರ್ ಪ್ರೇಯರ್ಸ್ ಇತ್ತು. ಒಂದೊಂದನ್ನು ಒಂದೊಂದು ಪರೀಕ್ಷೆಗೆ ಸೇರಿಸಿದರೆ 8 ಮತ್ತು 10, ಎದುರು 4. ಎರಡು ಸಲವೂ ಆ ಒಂದು ಟೋಕನ್ ಬಿಟ್ಟು ಬೇರೇನು ಬಂದರೂ ಹೊಡೆತ ತಪ್ಪದು. ಎರಡು ಸಲವೂ ಅದು ಬಾರದಿರುವ ಸಾಧ್ಯತೆ ನೂರಕ್ಕೆ 88.

"ಅಮ್ಮಾ, ಈ ಚೀಲದಿಂದ ಒಂದು ತೆಗೆ."

"ಬೇಡ ಕಣೇ, ಕೈಯೆಲ್ಲ ಸೊಗಡು."

"ಪರವಾಗಿಲ್ಲ, ನಿನ್ನ ಕೈಗುಣ ಬೇಕು."

ಅವಳು ಸೆರಗಿಗೆ ಬೆರಳು ಒರೆಸಿಕೊಂಡು ತೆಗೆದದ್ದು −1. ಎರಡು ಪೆಟ್ಟು. ಪ್ರೀಸ್ಟ್‌ಗೆ ಮೂರು ಉಳಿಯಿತು. ಇನ್ನೊಂದು ತೆಗೆದು ಅಂಗೈಯಲ್ಲಿಟ್ಟು ನೋಡಿದವಳ ಮುಖ ಸಣ್ಣದಾಯಿತು. "ಅಯ್ಯೋ, ಬುರುಡೆ ಬಂತಲ್ಲ!"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆ ಅಧ್ಯಾಯದಲ್ಲಿ ಬುರುಡೆ ಎಂದರೆ ನಮ್ಮ ಜಾಗದಲ್ಲಿರುವ ಗೂಲ್ ಜಾತಿಯ ಶತ್ರುಗಳ ಸಂಖ್ಯೆಯಷ್ಟು ಕಡಿತ. ಇದ್ದದ್ದು ಒಂದೇ, 10ರಿಂದ 9. ಗೆಲುವು. ಮಂತ್ರದ ಭೀತಿಯನ್ನು ಆಗ್ನೆಸ್‌ಳ ಮೇಲೇ ಇಟ್ಟೆ. ಸೈಕೋಸಿಸ್ ತನ್ನ ಪೆಟ್ಟು ತೆಗೆದುಕೊಂಡಿತು, ದೇಹಬಲ ಎರಡು ಉಳಿಯಿತು. ಅವಳ ಒಂದು ಪೆಟ್ಟು, ಮಂತ್ರದ ಎರಡು. ಮೂರಕ್ಕೆ ಮೂರು, ಈ ಸಲ ಪ್ರೀಸ್ಟ್‌ನ ಲೆಕ್ಕದಲ್ಲಿ. ಫರ್ಬಿಡನ್ ನಾಲೆಡ್ಜ್ ಮುಟ್ಟದೆಯೇ ಉಳಿಯಿತು. ಅಮ್ಮನಿಗೆ ಬುರುಡೆ ಬಂದದ್ದಕ್ಕೆ ಯಾಕಿಷ್ಟು ಸಂತೋಷ ಎಂದು ವಿವರಿಸಲು ಅವರೆಕಾಯಿ ಮುಗಿಯುವವರೆಗೆ ಹೊತ್ತು ಹಿಡಿಯಿತು.

ಕೊನೆಯಲ್ಲಿ ಆ ಅಧ್ಯಾಯದ ಕಥೆ ನಡೆಯುವ ಮನೆಯನ್ನು ಸುಡುವ ದಾರಿ ಆರಿಸಿದೆ. ಅದರಿಂದ ಮನಸ್ಸಿಗೆ ಒಂದು ಶಾಶ್ವತ ಗಾಯ, ಮುಂದಿನ ಅಧ್ಯಾಯಗಳನ್ನು ಒಂದು ಭೀತಿಯೊಂದಿಗೇ ಶುರು ಮಾಡಬೇಕು. ಈ ಕಟ್ಟಿಗೆ ಅದು ಹೊರೆ ಎನಿಸಲಿಲ್ಲ. ಐದು ಭೀತಿಯ ಗೆರೆಗೆ ಒಂದು ಹೆಜ್ಜೆ ಹತ್ತಿರ, ಅಷ್ಟೇ. ಸಿಕ್ಕ ಅನುಭವದ ಅಂಕಗಳಲ್ಲಿ ಪೀಟರ್‌ನನ್ನು ಎರಡನೆಯ ದರ್ಜೆಗೆ ಏರಿಸಿದೆ. ಆಗ ಅವನು ಇಚ್ಛಾಶಕ್ತಿಗೂ +1 ಕೊಡುತ್ತಾನೆ.

ಸೈಕೋಸಿಸ್ ಮಾತ್ರ ಸರಣಿ ಮುಗಿಯುವವರೆಗೆ ಕಟ್ಟಿನಲ್ಲೇ ಇರುತ್ತದೆ. ಎರಡನೆಯ ಅಧ್ಯಾಯದ ಮೂರನೆಯ ಸುತ್ತಿನಲ್ಲಿ ಮತ್ತೆ ಬಂತು. ಆಗ್ನೆಸ್ ನಿಂತ ಜಾಗದಲ್ಲಿ ಶತ್ರುಗಳಿರಲಿಲ್ಲ, ಪಕ್ಕದ ಜಾಗದಲ್ಲಿ ಸುಳಿವು ಕಾಯುತ್ತಿತ್ತು. ಸುಳಿವನ್ನು ಬಿಟ್ಟು, ಎರಡು ಕ್ರಿಯೆ ಕೊಟ್ಟು ಅದನ್ನು ಅಲ್ಲೇ ತೊಲಗಿಸಿದೆ. ಮೂರನೆಯ ಕ್ರಿಯೆಯಲ್ಲಿ ಒಂದು ಹೆಜ್ಜೆ ನಡೆದು, ಅಕೊಲೈಟ್ ನಿಂತಿದ್ದ ಸ್ಮಶಾನಕ್ಕೆ ಹೋಗಿ, ಫರ್ಬಿಡನ್ ನಾಲೆಡ್ಜ್‌ನ ಮೊದಲ ರಹಸ್ಯವನ್ನು ತೆಗೆದೆ.