ಸಂಜೆ 5.30ರ ಎಂಟ್ರಿಗಳು

ದೊಡ್ಡ ಸಂಸ್ಥೆಯೊಂದರಲ್ಲಿ ಅರ್ಜಿಗಳು ಒಳಗೆ ಬಂದು, ಪರಿಶೀಲನೆ ಮುಗಿದು, ಮಂಜೂರಾಗುವ ತನಕದ ಇಡೀ ಹಾದಿಗೆ ನಾನೊಂದು ಡಿಜಿಟಲ್ ಟ್ವಿನ್ ಕಟ್ಟಿದೆ. ಅಂದರೆ ಆ ಕೆಲಸದ ಪಡಿಯಚ್ಚು ಕಂಪ್ಯೂಟರಿನೊಳಗೆ. ದಿನದಿನದ ಡೇಟಾ ಅದಕ್ಕೆ ಹೋಗುತ್ತಿರುತ್ತದೆ. ಮೇಲಿನವರ ಪ್ರಶ್ನೆ ಒಂದೇ ಆಗಿತ್ತು: ಪರಿಶೀಲನೆ ವಿಭಾಗಕ್ಕೆ ಇನ್ನಷ್ಟು ಜನರನ್ನು ತೆಗೆದುಕೊಳ್ಳಬೇಕಾ?

ಈ ವಿಚಾರ ಹುಟ್ಟಿದ್ದು ಯಂತ್ರಗಳ ಲೋಕದಲ್ಲಿ. ಅಮೆರಿಕದ ತಜ್ಞ ಮೈಕೆಲ್ ಗ್ರೀವ್ಸ್ 2002ರಲ್ಲಿ ಇದನ್ನು ಮುಂದಿಟ್ಟಿದ್ದು ತಯಾರಾಗುವ ವಸ್ತುಗಳ ಬಗ್ಗೆ. ಯಂತ್ರಕ್ಕಾದರೆ ಸೆನ್ಸರ್ ಹಾಕಬಹುದು. ಕಚೇರಿಯಲ್ಲಿ ನಮ್ಮ ಕೈಗೆ ಸಿಗೋದು ಸಿಸ್ಟಮ್‌ನ ಎಂಟ್ರಿಗಳು ಮಾತ್ರ. ನಾನು ಎಡವಿದ್ದೂ ಅಲ್ಲೇ.

ಹಿಂದಿನ ವರ್ಷದ ಡೇಟಾ ಹಾಕಿ ಓಡಿಸಿದೆ. ಮಾಡೆಲ್‌ನಲ್ಲಿ ಅರ್ಜಿಗಳು ಸಲೀಸಾಗಿ ಹೋದವು. ನಿಜದಲ್ಲಿ ರಾಶಿ ಬಿದ್ದಿದ್ದವು. ಒಂದು ಕಾರಣ ಬೇಗ ಸಿಕ್ಕಿತು. ಪ್ರತಿ ಹಂತಕ್ಕೂ ಸರಾಸರಿ ಸಮಯ ಕೊಟ್ಟಿದ್ದೆ. ಕೆಲವು ಅರ್ಜಿ ಹತ್ತು ನಿಮಿಷದ್ದು, ಕೆಲವು ಅರ್ಧ ದಿನ ತಿನ್ನುತ್ತವೆ. ಆ ಏರುಪೇರಿನಿಂದಲೇ ಸಾಲು ಬೆಳೆಯೋದು, ಸರಾಸರಿಯಲ್ಲಿ ಅದು ಕಾಣೋದೇ ಇಲ್ಲ.

ಇನ್ನೊಂದು ಕಾರಣ ಹುಡುಕಲು ಪರಿಶೀಲನೆ ಮಾಡುವ ಮೇಡಂ ಒಬ್ಬರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರು ಒಂದೊಂದೇ ಫೈಲ್ ನೋಡಿ, ಪೆನ್ಸಿಲ್‌ನಲ್ಲಿ ಟಿಕ್ ಹಾಕಿ ಎಡಗಡೆ ಪೇರಿಸುತ್ತಿದ್ದರು. ಸಿಸ್ಟಮ್ ಮುಟ್ಟಲೇ ಇಲ್ಲ. ಕೇಳಿದ್ದಕ್ಕೆ, "ಮಧ್ಯಾಹ್ನ ತುಂಬಾ ಸ್ಲೋ ಸರ್, ಸಂಜೆ ಐದೂವರೆಗೆ ಎಲ್ಲಾ ಒಟ್ಟಿಗೆ ಹೊಡೆದುಬಿಡ್ತೀನಿ" ಅಂದರು. ಹಾಗಾಗಿ ಸಿಸ್ಟಮ್‌ನಲ್ಲಿ ಎಲ್ಲ ಅರ್ಜಿಗೂ ಹೆಚ್ಚುಕಡಿಮೆ ಒಂದೇ ಹೊತ್ತು ದಾಖಲಾಗಿತ್ತು! ನಾನು ಕೆಲಸದ ಸಮಯ ಅಂದುಕೊಂಡಿದ್ದು ಬರೀ ಟೈಪ್ ಮಾಡಿದ ಸಮಯ.

ಆಮೇಲೆ ಎರಡು ವಾರ ಮೇಜಿನಿಂದ ಮೇಜಿಗೆ ಹೋಗಿ ಕೂತು ಬರೆದುಕೊಂಡೆ. ಮಾಡೆಲ್ ತಿದ್ದಿದೆ. ತಿದ್ದುವಾಗ ಬಳಸದೆ ತೆಗೆದಿಟ್ಟಿದ್ದ ತಿಂಗಳುಗಳ ಮೇಲೆ ಓಡಿಸಿದೆ, ಅದೂ ಒಂದೇ ಸಲ ಅಲ್ಲ, ಹಲವು ಸಲ. ಯಾಕೆಂದರೆ ಒಂದು ಸಲದ ಫಲಿತಾಂಶ ಸುಮ್ನೆ ಅದೃಷ್ಟ ಇರಬಹುದು. ಈ ಸಲ ರಾಶಿ ನಿಜದ ಹತ್ತಿರಕ್ಕೆ ಬಂತು.

ಆಗ ಕಂಡಿದ್ದು ಬೇರೆಯೇ. ಬಿಗಿಯಾಗಿದ್ದದ್ದು ಮಂಜೂರಾತಿಯ ಮೇಜು, ಅಲ್ಲಿ ಒಬ್ಬರೇ ಅಧಿಕಾರಿ. ಒಬ್ಬರೇ ಇರುವ ಮೇಜಿನ ಲೆಕ್ಕ ಜನರಿಗೆ ನಂಬಲು ಕಷ್ಟ. ಸಾಲುಗಳ ಸರಳ ಸೂತ್ರದ ಪ್ರಕಾರ, 80% ಹೊತ್ತು ಕೆಲಸವಿದ್ದರೆ ಒಂದು ಅರ್ಜಿ ಸರಾಸರಿ ತನ್ನ ಕೆಲಸದ ಸಮಯದ 4 ಪಟ್ಟು ಕಾಯುತ್ತದೆ. 90% ಆದರೆ 9 ಪಟ್ಟು, 95% ಆದರೆ 19 ಪಟ್ಟು. ಪರಿಶೀಲನೆಗೆ ಜನ ಜಾಸ್ತಿ ಮಾಡಿದರೆ ರಾಶಿ ಆ ಮೇಜಿಗೆ ಹೋಗಿ ಬೀಳುತ್ತಿತ್ತು, ಅಷ್ಟೇ ಅಲ್ವಾ?

ಸಣ್ಣ ಮೊತ್ತದ ಅರ್ಜಿಗಳನ್ನು ಹಿರಿಯ ಪರಿಶೀಲಕರೇ ಮಂಜೂರು ಮಾಡಿದರೆ? ಮೊದಲು ಟ್ವಿನ್‌ನಲ್ಲಿ, ಆಮೇಲೆ ಒಂದೇ ಶಾಖೆಯಲ್ಲಿ ಮಾಡಿ ನೋಡಿದೆವು. ಕಾಯುವ ಸಮಯ ಇಳಿಯಿತು. ಆದರೆ ಹೊಸ ಜವಾಬ್ದಾರಿಯ ಭಯಕ್ಕೆ ಪರಿಶೀಲಕರು ಅರ್ಜಿಗಳನ್ನು ತಿದ್ದುಪಡಿಗೆ ವಾಪಸ್ ಕಳಿಸೋದು ಹೆಚ್ಚಾಯಿತು. ಮಾಡೆಲ್ ಇದನ್ನು ಹೇಳಿರಲಿಲ್ಲ, ವಾಪಸಾಗುವ ಪ್ರಮಾಣವನ್ನು ನಾನು ಬದಲಾಗದ ಅಂಕಿ ಅಂತ ಇಟ್ಟಿದ್ದೆ. ಅದನ್ನು ಸರಿಮಾಡಿ, ಪರಿಶೀಲಕರ ಜೊತೆ ಕೂತು ಏನೇನು ನೋಡಬೇಕು ಅನ್ನೋ ಪಟ್ಟಿ ಮಾಡಿಕೊಟ್ಟ ಮೇಲೇ ಬೇರೆ ಶಾಖೆಗಳಿಗೆ ಹೋದೆವು.

ಈಗ ಪ್ರತಿ ಸೋಮವಾರ ಟ್ವಿನ್ ಹೇಳಿದ ರಾಶಿಯನ್ನೂ ನಿಜದ ರಾಶಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ವ್ಯತ್ಯಾಸ ದೊಡ್ಡದಾಗಿದ್ದರೆ ಕೋಡ್ ತೆರೆಯುವ ಮೊದಲು ಆ ಮೇಜಿನ ಪಕ್ಕ ಹೋಗಿ ಕೂರುತ್ತೇನೆ.